ಜೀನ್ ಕೆಡುವುದು, ಜೀನ್ ಬರುವುದು: ಒಂದು ಕ್ಯಾನ್ಸರ್ ಪಾಠದ ತಪ್ಪು ಮತ್ತು ತಿದ್ದುಪಡಿ

ಬೋಧನಾಭ್ಯಾಸದ ಮೊದಲ ಹಂತಕ್ಕೆ ನನಗೆ ಸಿಕ್ಕಿದ್ದು ದೇವದುರ್ಗದ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ‘ಅನುವಂಶೀಯತೆ’ ಪಾಠ. ಮೆಂಡಲ್‌ನ ಬಟಾಣಿ ಗಿಡಗಳನ್ನು ಮುಗಿಸಿದಾಗ ಇನ್ನೂ ಹತ್ತು ನಿಮಿಷ ಉಳಿದಿತ್ತು. ಪಾಠಯೋಜನೆಯ ‘ನಿತ್ಯಜೀವನಕ್ಕೆ ಅನ್ವಯ’ ಎಂಬ ಕಲಮಿಗೆ ಏನಾದರೂ ಹೇಳಬೇಕಿತ್ತು. ಹಿಂದೆಮುಂದೆ ನೋಡದೆ ಕಪ್ಪುಹಲಗೆಯ ಮೇಲೆ ಬರೆದೆ: “ಕ್ಯಾನ್ಸರ್ ಜೀನ್‌ಗಳ ಕಾಯಿಲೆ.” ಮಕ್ಕಳು ಬರೆದುಕೊಂಡರು. ಗಂಟೆ ಹೊಡೆಯಿತು.

ಹೊರಗೆ ವರಾಂಡದಲ್ಲಿ ಒಬ್ಬ ಹುಡುಗ ಕಾಯುತ್ತಿದ್ದ. “ಮೇಡಂ, ನಮ್ಮಪ್ಪಗ ಬಾಯಾಗ ಕ್ಯಾನ್ಸರ್ ಐತ್ರಿ. ಜೀನ್ ಅಪ್ಪನಿಂದ ಮಕ್ಕಳಿಗಿ ಬರ್ತಾವಂತ ನೀವೇ ಹೇಳಿದ್ರಿ. ಹಂಗಾದ್ರ ನನಗೂ, ನಮ್ಮ ತಂಗಿಗೂ ಬರ್ತೈತೇನ್ರಿ?”

ನಾನು “ಇಲ್ಲಪ್ಪ, ಹಂಗೇನಿಲ್ಲ” ಎಂದೆ. ಯಾಕಿಲ್ಲ ಎಂದು ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಕೇಳಲಿಲ್ಲ, ತಲೆ ಅಲ್ಲಾಡಿಸಿ ಹೋದ. ನಂಬಲಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು.

ಮರುದಿನ ಅದೇ ತರಗತಿಯ ಒಬ್ಬ ಹುಡುಗಿ ಇನ್ನೊಂದು ಪ್ರಶ್ನೆ ತಂದಳು. ಅವಳ ಅಕ್ಕನನ್ನು ಕೃಷ್ಣಾ ನದಿಯ ಆಚೆ ಸುರಪುರ ತಾಲ್ಲೂಕಿಗೆ ಕೊಟ್ಟಿದ್ದಾರೆ. “ಅಲ್ಲಿ ಒಂದು ತಾಂಡಾದಾಗ ಬೋರಿನ ನೀರು ಕುಡಿದು ಮಂದಿಗಿ ಕೈಕಾಲಾಗ ಗಂಟು ಆಗಿದ್ವಂತ್ರಿ, ಕ್ಯಾನ್ಸರ್ ಅಂತಾರ್ರಿ. ನೀರು ಹ್ಯಾಂಗ ಹೋಗಿ ಜೀನ್ ಕೆಡಸ್ತೈತ್ರಿ ಮೇಡಂ?”

ಈ ಎರಡು ಪ್ರಶ್ನೆಗಳನ್ನು ಹೊತ್ತು ರಾಯಚೂರಿಗೆ ಮರಳಿದೆ. ಬಿ.ಎಸ್ಸಿಯಲ್ಲಿ ಓದಿದ್ದನ್ನು ಮತ್ತೆ ತೆಗೆದೆ, ಓದದೆ ಬಿಟ್ಟಿದ್ದನ್ನು ಹುಡುಕಿದೆ. ಎರಡು ಪ್ರಶ್ನೆಗೂ ಉತ್ತರ ಸಿಗುವುದು ಒಂದೇ ಜಾಗದಲ್ಲಿ ಎಂದು ತಿಳಿಯಿತು: ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನ್‌ಗಳಲ್ಲಿ. ಬೋಧನಾಭ್ಯಾಸದ ಎರಡನೇ ಹಂತದಲ್ಲಿ ಮಾನ್ವಿಯಲ್ಲಿ ಅದೇ ಪಾಠವನ್ನು ತಿದ್ದಿ ಮಾಡಿದೆ. ಮುಂದಿನ ವರ್ಷ ಇದೇ ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ವಿಷಯವನ್ನೂ ಕಲಿಸಿದ ರೀತಿಯನ್ನೂ ಇಲ್ಲಿ ಬರೆದಿದ್ದೇನೆ.

ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ, ಕೆಲಸ ಮಾತ್ರ ಬೇರೆ

ನಮ್ಮ ಚರ್ಮದ ಕೋಶದಲ್ಲಿರುವ ಡಿಎನ್‌ಎ ಮತ್ತು ಯಕೃತ್ತಿನ ಕೋಶದಲ್ಲಿರುವ ಡಿಎನ್‌ಎ ಒಂದೇ. ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದರಲ್ಲಿ ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಜೀನ್‌ಗಳು ಸುಮಾರು 20,000. ಎಲ್ಲ ಕೋಶಗಳಲ್ಲೂ ಅಷ್ಟೂ ಜೀನ್‌ಗಳಿದ್ದರೂ ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಕೆಲವು ಕೋಶಗಳಲ್ಲಿ ಮಾತ್ರ. ಕಣ್ಣಿನ ಕೋಶದಲ್ಲೂ ಇನ್ಸುಲಿನ್ ಜೀನ್ ಇದೆ, ಆದರೆ ಅಲ್ಲಿ ಅದು ಮುಚ್ಚಿದೆ.

ಜೀನ್ ಕೆಲಸ ಮಾಡಬೇಕಾದರೆ ಮೊದಲು ಅದರ ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗಬೇಕು. ಇದೇ ಟ್ರಾನ್ಸ್‌ಕ್ರಿಪ್ಷನ್, ಕನ್ನಡದಲ್ಲಿ ಪ್ರತಿಲೇಖನ. ಆ ನಕಲನ್ನು ನೋಡಿ ಕೋಶ ಪ್ರೋಟೀನ್ ಕಟ್ಟುತ್ತದೆ. ಯಾವ ಜೀನ್‌ನ ನಕಲು ಯಾವಾಗ, ಎಷ್ಟು ಆಗಬೇಕು ಎಂಬುದನ್ನು ನಿರ್ಧರಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಜೀನ್‌ನ ಹತ್ತಿರವಿರುವ ಡಿಎನ್‌ಎಯ ಒಂದು ಚಿಕ್ಕ ಅಕ್ಷರಸಾಲನ್ನು ಗುರುತಿಸಿ ಅಲ್ಲಿಗೆ ಅಂಟಿಕೊಳ್ಳುತ್ತವೆ. ಕೆಲವು ನಕಲನ್ನು ಶುರುಮಾಡುತ್ತವೆ, ಕೆಲವು ತಡೆಯುತ್ತವೆ. ಮನುಷ್ಯನಲ್ಲಿ ಇಂಥವು ಸುಮಾರು 1,600 ಇವೆ.

ದೇವದುರ್ಗದಲ್ಲಿ ಕೇಳಿದ್ದರೆ ಇದನ್ನು ನಾನು ಹೀಗೆಯೇ ಹೇಳುತ್ತಿದ್ದೆ, ಮಕ್ಕಳು ಹೀಗೆಯೇ ಬರೆದುಕೊಳ್ಳುತ್ತಿದ್ದರು. ಮಾನ್ವಿಯಲ್ಲಿ ಕಾಲುವೆಯಿಂದ ಆರಂಭಿಸಿದೆ.

ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಮಕ್ಕಳಿಗೆ ಗೊತ್ತಿಲ್ಲದ್ದಲ್ಲ. ಅದರಿಂದ ಒಡೆದ ಉಪಕಾಲುವೆಗಳು, ಅವುಗಳ ಗೇಟುಗಳು, ಹೊಲಕ್ಕೆ ನೀರು ಬಿಡುವ ತೂಬುಗಳು ಎಲ್ಲ ಅವರು ದಿನಾ ನೋಡುವಂಥವು. “ಮುಖ್ಯ ಕಾಲುವೆಯಲ್ಲಿ ನೀರಿದ್ದರೆ ಎಲ್ಲರ ಹೊಲಕ್ಕೂ ನೀರು ಬಂದಂತೆಯೇ?” ಎಂದು ಕೇಳಿದೆ. ಇಡೀ ತರಗತಿ ನಕ್ಕಿತು. ಕಾಲುವೆಯ ಕೊನೆಭಾಗದ ಊರಿನ ಒಬ್ಬಳು ಎದ್ದು, “ಇಲ್ರಿ ಮೇಡಂ, ಗೇಟ್ ಯಾರು ಎತ್ತತಾರ, ಎಷ್ಟು ಎತ್ತತಾರ ಅದರ ಮ್ಯಾಲ ಐತ್ರಿ” ಎಂದಳು.

ಪಾಠಕ್ಕೆ ಬೇಕಾದ ಮಾತು ಅದೇ ಆಗಿತ್ತು. ಜೀನ್ ಇರುವುದು ಕಾಲುವೆ ಇದ್ದಂತೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಗೇಟು ಎತ್ತುವ, ಇಳಿಸುವ ಆಳು. ಕಾಲುವೆ ಎಷ್ಟೇ ಚೆನ್ನಾಗಿದ್ದರೂ ಗೇಟಿನವನು ತಪ್ಪಿದರೆ ಒಂದು ಹೊಲ ಮುಳುಗುತ್ತದೆ, ಇನ್ನೊಂದು ಒಣಗುತ್ತದೆ.

ಈ ಹೋಲಿಕೆಯ ಮಿತಿಯನ್ನೂ ಅಲ್ಲೇ ಹೇಳಬೇಕು. ಕೋಶದೊಳಗೆ ಯೋಚಿಸಿ ತೀರ್ಮಾನ ಮಾಡುವ ಆಳು ಯಾರೂ ಇಲ್ಲ. ಪ್ರೋಟೀನ್‌ನ ಆಕಾರ ಡಿಎನ್‌ಎಯ ಆಕಾರಕ್ಕೆ ಹೊಂದಿದರೆ ಅಂಟುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಜೀನ್‌ಗೆ ಒಬ್ಬನೇ ಗೇಟಿನವನೂ ಅಲ್ಲ. ಹಲವು ಫ್ಯಾಕ್ಟರ್‌ಗಳು ಕೂಡಿ ಆ ಜೀನ್ ಎಷ್ಟು ತೆರೆಯಬೇಕು ಎಂಬುದನ್ನು ನಿರ್ಧರಿಸುತ್ತವೆ.

ಗೇಟು ತೆರೆದೇ ಉಳಿದರೆ: ಮಿಕ್

ಕ್ಯಾನ್ಸರ್ ಎಂದರೆ ಕೋಶಗಳು ನಿಯಂತ್ರಣ ತಪ್ಪಿ ವಿಭಜನೆಯಾಗುತ್ತಾ ಹೋಗುವುದು. ವಿಭಜನೆಗೆ ಬೇಕಾದ ಜೀನ್‌ಗಳನ್ನು ತೆರೆಯುವ ಫ್ಯಾಕ್ಟರ್‌ಗಳಲ್ಲಿ ಮುಖ್ಯವಾದದ್ದು ಮಿಕ್. ಗಾಯ ಮಾಯಬೇಕಾದಾಗ, ಮಗು ಬೆಳೆಯುವಾಗ ಅದು ಬೇಕು. ಕೆಲಸ ಮುಗಿದ ಮೇಲೆ ಕಡಿಮೆಯಾಗಬೇಕು.

1958ರಲ್ಲಿ ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಮಕ್ಕಳ ದವಡೆಯಲ್ಲಿ ವೇಗವಾಗಿ ಬೆಳೆಯುವ ಒಂದು ಗಡ್ಡೆಯನ್ನು ವಿವರಿಸಿದರು. ಅದನ್ನು ಈಗ ಬರ್ಕಿಟ್ ಲಿಂಫೋಮಾ ಎನ್ನುತ್ತಾರೆ. ಅದರ ಕಾರಣ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಕೋಶಗಳಲ್ಲಿ 8ನೇ ಕ್ರೋಮೋಸೋಮಿನ ತುಂಡೊಂದು, ಹೆಚ್ಚಾಗಿ, 14ನೇ ಕ್ರೋಮೋಸೋಮಿಗೆ ಹೋಗಿ ಸೇರಿರುತ್ತದೆ. ಮಿಕ್ ಜೀನ್ ಇರುವುದು 8ರಲ್ಲಿ. 14ರಲ್ಲಿ ಅದು ಕೂರುವುದು ಪ್ರತಿಕಾಯ ತಯಾರಿಸುವ ಜೀನ್‌ನ ಪಕ್ಕ. ಬಿಳಿರಕ್ತಕಣಗಳಲ್ಲಿ ಪ್ರತಿಕಾಯದ ಜೀನ್ ಬಹಳ ಚುರುಕಾಗಿರುತ್ತದೆ. ಪಕ್ಕದ ಮನೆಯವರ ಗೇಟಿಗೆ ಸಿಕ್ಕಿಕೊಂಡ ಹಾಗೆ ಮಿಕ್ ಕೂಡ ಸದಾ ತೆರೆದೇ ಉಳಿಯುತ್ತದೆ.

ಮಿಕ್ ಪ್ರೋಟೀನ್‌ನ ರಚನೆ ದೊಡ್ಡದಾಗಿ ಕೆಡದೆಯೂ ಇದು ಆಗುತ್ತದೆ ಎಂಬುದನ್ನು ಗಮನಿಸಬೇಕು. ಮುಖ್ಯವಾಗಿ ಬದಲಾದದ್ದು ಪ್ರಮಾಣ ಮತ್ತು ಸಮಯ. ಮಾನ್ವಿಯ ಮಕ್ಕಳು ಇದನ್ನು ಬೇಗ ಹಿಡಿದರು. ರಾತ್ರಿ ಯಾರೋ ಗೇಟಿನಡಿ ಕಲ್ಲಿಟ್ಟು ಹೋದರೆ ಗೇಟು ಕೆಡದಿದ್ದರೂ ನೀರು ನಿಲ್ಲುವುದಿಲ್ಲ.

ಮುಚ್ಚುವ ಸರಪಳಿ ತುಂಡಾದರೆ: ಪಿ53

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದದ್ದು ನಮ್ಮ ಕಡೆಯ ಎಲ್ಲ ಮಕ್ಕಳಿಗೂ ಗೊತ್ತು. ವಾರದ ನಂತರ ತಾತ್ಕಾಲಿಕ ಗೇಟಿನ ಭಾಗಗಳನ್ನು ಇಳಿಸುವವರೆಗೆ ನೀರು ಹರಿಯುತ್ತಲೇ ಇತ್ತು. “ಅವತ್ತು ನೀರನ್ನು ಯಾರಾದರೂ ಬೇಕೆಂದು ಬಿಟ್ಟರೇ?” ಎಂದು ಕೇಳಿದೆ. ಇಲ್ಲ, ತಡೆಯುವುದೇ ಹೋಗಿತ್ತು. ಕ್ಯಾನ್ಸರ್‌ನ ಎರಡನೇ ದಾರಿ ಇದು.

ಕೋಶದಲ್ಲಿ ತಡೆಯುವ ಕೆಲಸದ ಪ್ರಸಿದ್ಧ ಫ್ಯಾಕ್ಟರ್ ಪಿ53. ಇದನ್ನು ಕಂಡುಹಿಡಿದದ್ದು 1979ರಲ್ಲಿ. ಹತ್ತು ವರ್ಷ ಇದು ಕ್ಯಾನ್ಸರ್ ತರುವ ಪ್ರೋಟೀನ್ ಎಂದೇ ಭಾವಿಸಲಾಗಿತ್ತು. ಅವರು ಪರೀಕ್ಷಿಸುತ್ತಿದ್ದದ್ದು ಕೆಟ್ಟ ಪಿ53 ಅನ್ನು, ಸರಿಯಾದ ಪಿ53 ಕ್ಯಾನ್ಸರನ್ನು ತಡೆಯುತ್ತದೆ ಎಂದು 1989ರ ಹೊತ್ತಿಗೆ ಸ್ಪಷ್ಟವಾಯಿತು. ವಿಜ್ಞಾನಿಗಳೂ ತಪ್ಪು ಬರೆದು ತಿದ್ದಿಕೊಳ್ಳುತ್ತಾರೆ ಎಂದು ಹೇಳಲು ಒಳ್ಳೆಯ ಉದಾಹರಣೆ.

ಆರೋಗ್ಯವಾಗಿರುವ ಕೋಶದಲ್ಲಿ ಪಿ53 ತಯಾರಾದ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತಿರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಈ ನಾಶ ನಿಂತು ಪಿ53 ಹೆಚ್ಚುತ್ತದೆ. ನಾಲ್ಕು ಪಿ53ಗಳು ಜೊತೆಗೂಡಿ ಡಿಎನ್‌ಎಗೆ ಅಂಟಿಕೊಂಡು ಹಲವು ಜೀನ್‌ಗಳನ್ನು ತೆರೆಯುತ್ತವೆ. ಕೆಲವು ವಿಭಜನೆಯನ್ನು ನಿಲ್ಲಿಸುತ್ತವೆ, ಕೆಲವು ದುರಸ್ತಿಗೆ ನೆರವಾಗುತ್ತವೆ. ಪೆಟ್ಟು ದುರಸ್ತಿಗೆ ಮೀರಿದ್ದರೆ ಇನ್ನು ಕೆಲವು ಆ ಕೋಶವನ್ನೇ ಸಾಯುವಂತೆ ಮಾಡುತ್ತವೆ. ಕೆಟ್ಟ ಒಂದು ಕೋಶ ಸತ್ತು ದೇಹ ಉಳಿಯುತ್ತದೆ.

ಮನುಷ್ಯನ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಜೀನ್ ಕೆಟ್ಟಿರುತ್ತದೆ. ಹೆಚ್ಚಿನ ಸಲ ಕೆಡುವುದು ಡಿಎನ್‌ಎಗೆ ಅಂಟಿಕೊಳ್ಳುವ ಭಾಗವೇ. ಗೇಟಿನವನು ಇದ್ದಾನೆ, ಆದರೆ ಕೈ ಇಲ್ಲ. ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಸಂಗತಿಯಿದೆ: ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿದ್ದರೂ ಕ್ಯಾನ್ಸರ್ ಕಡಿಮೆ. ಆನೆಯಲ್ಲಿ ಪಿ53 ಜೀನ್‌ನ ಸುಮಾರು 20 ಪ್ರತಿಗಳಿವೆ ಎಂದು 2015ರಲ್ಲಿ ಪ್ರಕಟವಾಯಿತು. ಅದು ಒಂದು ಕಾರಣವಿರಬಹುದು.

ಪಿ53 ಜೀನ್‌ಗೆ ಪೆಟ್ಟು ಕೊಡುವ ವಸ್ತುಗಳಲ್ಲಿ ತಂಬಾಕು ಮುಖ್ಯ. ಜಗಿಯುವ ತಂಬಾಕಿನಲ್ಲಿರುವ ನೈಟ್ರೋಸಮೀನ್‌ಗಳು ಬಾಯಿಯ ಒಳಚರ್ಮದ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಅಕ್ಷರಗಳನ್ನು ಬದಲಾಯಿಸುತ್ತವೆ. ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಕೂಡಿಸಿ ಬಾಯಿಗೆ ಹಾಕುವುದನ್ನು ಮಕ್ಕಳು ದಿನಾ ನೋಡುತ್ತಾರೆ.

ಬಾಯಿಯ ಕ್ಯಾನ್ಸರ್‌ನಲ್ಲಿ ಗೇಟಿನ ಸುತ್ತಲ ವ್ಯವಸ್ಥೆಯೂ ಕೆಡುತ್ತದೆ. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತು ಸಡಿಲವಾದರೆ ಫ್ಯಾಕ್ಟರ್‌ಗಳಿಗೆ ಡಿಎನ್‌ಎ ಸುಲಭವಾಗಿ ಸಿಗುತ್ತದೆ. ಬಾಯಿಯ ಕ್ಯಾನ್ಸರ್‌ನ ಗಡ್ಡೆಗಳಲ್ಲಿ ಈ ಸಡಿಲಿಸುವ ರಾಸಾಯನಿಕ ಗುರುತು ಅತಿಯಾಗಿದೆ ಎಂದು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಮಾರ್ ಕುಂಡು ಅವರ ತಂಡ 2010ರಲ್ಲಿ ಪ್ರಕಟಿಸಿತು. ಅರಿಶಿಣದ ಕರ್ಕ್ಯುಮಿನ್‌ನಿಂದ ರೂಪಿಸಿದ ಒಂದು ರಾಸಾಯನಿಕ ಆ ಗುರುತನ್ನು ತಗ್ಗಿಸಿ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ಕುಗ್ಗಿಸಿತು. ಇದನ್ನು ಹೇಳಿದೊಡನೆ “ಹಂಗಾದ್ರ ಅರಿಶಿಣ ತಿಂದ್ರ ಸಾಕೇನ್ರಿ?” ಎಂಬ ಪ್ರಶ್ನೆ ಬರುತ್ತದೆ. ಸಾಕಾಗುವುದಿಲ್ಲ. ಅದು ಪ್ರಯೋಗಾಲಯದಲ್ಲಿ ಬದಲಾಯಿಸಿದ ವಸ್ತು, ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಇಷ್ಟನ್ನು ಹೇಳದೆ ಮುಂದೆ ಹೋಗಬಾರದು.

ಹುಡುಗನ ಪ್ರಶ್ನೆಗೆ ಉತ್ತರ

ಈಗ ದೇವದುರ್ಗದ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನ ತಂದೆಯ ಬಾಯಿಯಲ್ಲಿ ಜೀನ್ ಕೆಟ್ಟಿದೆ ಎಂದುಕೊಳ್ಳೋಣ. ಅದು ಕೆಟ್ಟದ್ದು ಬಾಯಿಯ ಚರ್ಮದ ಒಂದು ಕೋಶದಲ್ಲಿ, ತಂದೆ ಹುಟ್ಟಿ ಎಷ್ಟೋ ವರ್ಷದ ಮೇಲೆ. ಮಕ್ಕಳಿಗೆ ಹೋಗುವುದು ವೀರ್ಯಾಣುವಿನ ಅಥವಾ ಅಂಡಾಣುವಿನ ಡಿಎನ್‌ಎ ಮಾತ್ರ. ಬಾಯಿಯ ಕೋಶದಲ್ಲಿ ಆದ ಬದಲಾವಣೆ ವೀರ್ಯಾಣುವಿಗೆ ತಲುಪುವ ದಾರಿಯೇ ಇಲ್ಲ. ಹೊಲದ ಒಂದು ಬದು ಒಡೆದರೆ ಅಣೆಕಟ್ಟು ಒಡೆದಂತಲ್ಲ.

ಪಿ53 ಜೀನ್‌ನ ಕೆಟ್ಟ ಪ್ರತಿಯೊಂದಿಗೆ ಹುಟ್ಟುವವರೂ ಇದ್ದಾರೆ. ಆ ಸ್ಥಿತಿಗೆ ಲಿ-ಫ್ರೌಮೇನಿ ಸಿಂಡ್ರೋಮ್ ಎಂದು ಹೆಸರು. ಅದು ಅಪರೂಪ. ಅಂಥ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನಲ್ಲೇ, ಹಲವರಿಗೆ, ಬೇರೆಬೇರೆ ಬಗೆಯ ಕ್ಯಾನ್ಸರ್‌ಗಳು ಕಾಣಿಸುತ್ತವೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಕೆಲವು ವಂಶದಲ್ಲಿ ಬರುವುದುಂಟು. ಆದರೆ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಜೀನ್ ಕೆಡುವುದು ಬದುಕಿನ ನಡುವೆ, ದೇಹದ ಕೋಶದಲ್ಲಿ.

‘ಜೀನ್‌ಗಳ ಕಾಯಿಲೆ’ ಎಂಬ ನನ್ನ ವಾಕ್ಯ ಸುಳ್ಳಾಗಿರಲಿಲ್ಲ. ಅನುವಂಶೀಯತೆಯ ಪಾಠದ ಕೊನೆಗೆ, ವಿವರಣೆಯಿಲ್ಲದೆ ಬರೆದಾಗ ಅದು ಸುಳ್ಳಿನ ಕೆಲಸ ಮಾಡಿತು. ‘ಜೀನ್ ಕೆಡುವುದು’ ಮತ್ತು ‘ಕೆಟ್ಟ ಜೀನ್ ವಂಶದಲ್ಲಿ ಬರುವುದು’ ಇವೆರಡೂ ಬೇರೆ ಎಂದು ನಾನು ಹೇಳಲಿಲ್ಲ.

ನದಿಯಾಚೆಯ ತಾಂಡಾ ಮತ್ತು ಆರ್ಸೆನಿಕ್

ಹುಡುಗಿ ಹೇಳಿದ ಸಂಗತಿ ಗಾಳಿಮಾತಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಆರ್ಸೆನಿಕ್ ಸಮಸ್ಯೆ ಪತ್ರಿಕೆಗಳಲ್ಲಿ ಬಂದದ್ದೇ. ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ಮಂಗಳೂರು ಎಂಬ ಊರಿನ ಶಿಲಾವಲಯದ ಬಗ್ಗೆ (ಇದು ಕರಾವಳಿಯ ಮಂಗಳೂರಲ್ಲ, ಸುರಪುರ ತಾಲ್ಲೂಕಿನದು) ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಅಧ್ಯಯನ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನಲ್ಲಿ 79 ಶೇಕಡಾದಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು, ಒಂದರಲ್ಲಿ 303 ಇತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ 58.6 ಶೇಕಡಾ ಮಂದಿಗೆ ಆರ್ಸೆನಿಕ್‌ನಿಂದ ಬರುವ ಚರ್ಮದ ಲಕ್ಷಣಗಳಿದ್ದವು. ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂಥ ಮಚ್ಚೆಗಳು ಇದರ ಲಕ್ಷಣ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಬಹುಕಾಲ ಆರ್ಸೆನಿಕ್ ಸೇವಿಸಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಚಿನ್ನ ಇರುವಲ್ಲಿ ಆರ್ಸೆನಿಕ್ ಯಾಕೆ? ಚಿನ್ನದ ಜೊತೆ ಶಿಲೆಯಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜ ಹೆಚ್ಚಾಗಿ ಇರುತ್ತದೆ. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿವೆ. ನಮ್ಮ ಜಿಲ್ಲೆಯ ಹಟ್ಟಿ, ದೇವದುರ್ಗ ತಾಲ್ಲೂಕಿನ ಊಟಿ ಗಣಿಗಳಿರುವುದೂ ಇಂಥದೇ ಹಳೆಯ ಶಿಲೆಗಳಲ್ಲಿ. ಕೇಂದ್ರ ಅಂತರ್ಜಲ ಮಂಡಳಿ ಆರ್ಸೆನಿಕ್ ಕಂಡುಬಂದ ಜಿಲ್ಲೆಗಳಲ್ಲಿ ರಾಯಚೂರು ಮತ್ತು ಯಾದಗಿರಿಯನ್ನು ಹೆಸರಿಸಿದೆ. ಇದರರ್ಥ ಎಲ್ಲ ಬೋರಿನಲ್ಲೂ ಆರ್ಸೆನಿಕ್ ಇದೆ ಎಂದಲ್ಲ. ಒಂದರಲ್ಲಿದ್ದು ನೂರು ಹೆಜ್ಜೆ ಆಚೆಯದರಲ್ಲಿ ಇಲ್ಲದಿರಬಹುದು. ಬಣ್ಣ, ರುಚಿ, ವಾಸನೆಯಿಂದ ತಿಳಿಯುವುದಿಲ್ಲ, ಪರೀಕ್ಷೆ ಮಾಡಿಸಲೇಬೇಕು. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ಆರ್ಸೆನಿಕ್ ಉಳಿಯುವುದರಿಂದ ಇನ್ನಷ್ಟು ದಟ್ಟವಾಗುತ್ತದೆ.

ಇನ್ನು ನೀರು ಹೇಗೆ ಜೀನ್ ಕೆಡಿಸುತ್ತದೆ ಎಂಬ ಪ್ರಶ್ನೆ. ತಂಬಾಕಿನ ರಾಸಾಯನಿಕದಂತೆ ಆರ್ಸೆನಿಕ್ ನೇರವಾಗಿ ಡಿಎನ್‌ಎ ಅಕ್ಷರಗಳನ್ನು ತಿದ್ದುವುದು ಕಡಿಮೆ. ಅದು ಬೇರೆ ಎರಡು ದಾರಿ ಹಿಡಿಯುತ್ತದೆ.

ಒಂದು, ದುರಸ್ತಿಯವರನ್ನು ಕಟ್ಟಿಹಾಕುತ್ತದೆ. ಆರ್ಸೆನಿಕ್‌ಗೆ ಗಂಧಕದ ಮೇಲೆ ಒಲವು. ಶಿಲೆಯಲ್ಲಿ ಗಂಧಕದ ಜೊತೆಗಿದ್ದಂತೆಯೇ ದೇಹದಲ್ಲೂ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಹಿಡಿಯುತ್ತದೆ. ಡಿಎನ್‌ಎ ದುರಸ್ತಿ ಮಾಡುವ ಕೆಲವು ಪ್ರೋಟೀನ್‌ಗಳಲ್ಲಿ ಸಿಸ್ಟೀನ್‌ಗಳು ಸತುವನ್ನು ಹಿಡಿದು ಪ್ರೋಟೀನ್‌ಗೆ ಆಕಾರ ಕೊಟ್ಟಿರುತ್ತವೆ. ಆರ್ಸೆನಿಕ್ ಬಂದು ಸತುವಿನ ಜಾಗದಲ್ಲಿ ಕೂತರೆ ಆಕಾರ ಕೆಡುತ್ತದೆ. ಬಿಸಿಲಿನಿಂದಲೋ ಬೇರೆ ಕಾರಣದಿಂದಲೋ ಆದ ಪೆಟ್ಟು ಆಗ ದುರಸ್ತಿಯಾಗದೆ ಉಳಿಯುತ್ತದೆ.

ಎರಡು, ಎನ್‌ಆರ್‌ಎಫ್2 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು ಬಹುಕಾಲ ಎಬ್ಬಿಸಿಡುತ್ತದೆ. ವಿಷ ಬಂದಾಗ ಅದನ್ನು ಎದುರಿಸುವ ಜೀನ್‌ಗಳ ಗೇಟು ಎತ್ತುವುದು ಇದೇ. ಸಾಮಾನ್ಯವಾಗಿ ಇದನ್ನು ಕೀಪ್1 ಎಂಬ ಪ್ರೋಟೀನ್ ಹಿಡಿದಿಟ್ಟು ನಾಶಕ್ಕೆ ಕಳಿಸುತ್ತದೆ. ವಿಷ ಬಂದಾಗ ಬಿಡುಗಡೆಯಾಗಿ ಕೆಲಸ ಮುಗಿಸಿ ಮತ್ತೆ ತಗ್ಗಬೇಕು. ದಿನಾ, ವರ್ಷಾನುಗಟ್ಟಲೆ ಆರ್ಸೆನಿಕ್ ಬರುತ್ತಿದ್ದರೆ ಎನ್‌ಆರ್‌ಎಫ್2 ತಗ್ಗುವುದೇ ಇಲ್ಲ. ಆಗ ಪೆಟ್ಟು ತಿಂದು ಸಾಯಬೇಕಾದ ಕೋಶಗಳಿಗೂ ಆ ರಕ್ಷಣೆ ಸಿಕ್ಕು ಅವು ಬದುಕುಳಿಯುತ್ತವೆ. ಕಾಯಬೇಕಾದವನೇ ಕೆಟ್ಟವರನ್ನು ಕಾಯುವಂತಾಗುತ್ತದೆ.

ಅದೇ ಆರ್ಸೆನಿಕ್ ಔಷಧಿಯಾದದ್ದು

ಓದುವಾಗ ನನಗೆ ಅತ್ಯಂತ ಅಚ್ಚರಿಯಾದ ಸಂಗತಿ ಇದು. ಎಪಿಎಲ್ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ. ಅದರಲ್ಲಿ 15 ಮತ್ತು 17ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಎರಡು ಜೀನ್‌ಗಳು ಬೆಸೆದುಕೊಳ್ಳುತ್ತವೆ. ಹುಟ್ಟುವ ಪ್ರೋಟೀನ್‌ನ ಒಂದು ಅರ್ಧ ಪಿಎಂಎಲ್, ಇನ್ನೊಂದು ಅರ್ಧ ರಾರ್-ಆಲ್ಫಾ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಈ ಬೆಸುಗೆಯ ಪ್ರೋಟೀನ್ ಬಿಳಿರಕ್ತಕಣಗಳು ಬಲಿಯಲು ಬೇಕಾದ ಜೀನ್‌ಗಳ ಗೇಟನ್ನು ಮುಚ್ಚಿ ಕೂರುತ್ತದೆ. ಬಲಿಯದ ಕಣಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಒಂದು ಕಾಲದಲ್ಲಿ ಇದು ಬಹುಬೇಗ ಜೀವ ತೆಗೆಯುವ ಕಾಯಿಲೆಯಾಗಿತ್ತು.

ಚೀನಾದ ಹಾರ್ಬಿನ್ ನಗರದಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಗಾರರು 1970ರ ದಶಕದಲ್ಲಿ ರಕ್ತದ ಕ್ಯಾನ್ಸರ್‌ಗೆ ಆರ್ಸೆನಿಕ್ ಬಳಸಿ ನೋಡಿದರು. ಶಾಂಘಾಯ್‌ನ ವಾಂಗ್ ಝೆನ್‌ಯಿ 1985ರಲ್ಲಿ ಎಪಿಎಲ್ ಇದ್ದ ಐದು ವರ್ಷದ ಹುಡುಗಿಗೆ ವಿಟಮಿನ್ ಎ ವರ್ಗದ ಒಂದು ಔಷಧಿ ಕೊಟ್ಟು ಗುಣಪಡಿಸಿದರು. ಈ ಎರಡೂ ಹೇಗೆ ಕೆಲಸ ಮಾಡುತ್ತವೆ ಎಂಬುದು ನಂತರ ತಿಳಿಯಿತು. ವಿಟಮಿನ್ ಎ ವರ್ಗದ ಔಷಧಿ ಬೆಸುಗೆಯ ರಾರ್-ಆಲ್ಫಾ ಅರ್ಧವನ್ನು ಹಿಡಿಯುತ್ತದೆ. ಆರ್ಸೆನಿಕ್ ಪಿಎಂಎಲ್ ಅರ್ಧದಲ್ಲಿರುವ ಸಿಸ್ಟೀನ್‌ಗಳನ್ನು ಹಿಡಿದು ಇಡೀ ಪ್ರೋಟೀನ್ ನಾಶವಾಗುವಂತೆ ಮಾಡುತ್ತದೆ. ಗೇಟು ತೆರೆಯುತ್ತದೆ, ಕಣಗಳು ಬಲಿಯುತ್ತವೆ. ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರದ ಎಪಿಎಲ್ ರೋಗಿಗಳಿಗೆ ಎರಡನ್ನೂ ಕೂಡಿಸಿ ಕೊಟ್ಟ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು: ಎರಡು ವರ್ಷದ ನಂತರ 97 ಶೇಕಡಾ ರೋಗಿಗಳು ಕಾಯಿಲೆ ಮರುಕಳಿಸದೆ, ಚಿಕಿತ್ಸೆ ಸೋಲದೆ ಬದುಕಿದ್ದರು.

ಒಂದೇ ಧಾತು, ಗಂಧಕದ ಮೇಲಿನ ಒಂದೇ ಒಲವು. ತಾಂಡಾದ ನೀರಿನಲ್ಲಿ ಅದು ದುರಸ್ತಿಯ ಪ್ರೋಟೀನನ್ನು ಹಿಡಿದು ಕಾಯಿಲೆ ತರುತ್ತದೆ. ಆಸ್ಪತ್ರೆಯಲ್ಲಿ, ಅಳತೆಯಲ್ಲಿ, ಕೆಟ್ಟ ಗೇಟಿನವನನ್ನು ಹಿಡಿದು ಗುಣಪಡಿಸುತ್ತದೆ. ತರಗತಿಯಲ್ಲಿ ಇದನ್ನು ಹೇಳುವಾಗ, ಆ ಔಷಧಿ ಎಪಿಎಲ್‌ಗೆ ಮಾತ್ರ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಎಂದು ಸೇರಿಸಿದೆ.

ತರಗತಿಯಲ್ಲಿ ಮಾಡಿದ್ದು

ಮಾನ್ವಿಯಲ್ಲಿ ಈ ಪಾಠಕ್ಕೆ ಎರಡು ಅವಧಿ ಬೇಕಾಯಿತು. ಹಳೆಯ ಮದುವೆ ಪತ್ರಿಕೆಗಳ ರಟ್ಟಿನಲ್ಲಿ ಐದು ‘ಜೀನ್’ ಚೀಟಿಗಳನ್ನು ಮಾಡಿದೆ: ಇನ್ಸುಲಿನ್, ಹಿಮೋಗ್ಲೋಬಿನ್, ವಿಭಜಿಸು, ನಿಲ್ಲು, ದುರಸ್ತಿ ಮಾಡು. ಪ್ರತಿ ಚೀಟಿಯ ಅಂಚಿನಲ್ಲಿ ಒಂದೊಂದು ಆಕಾರದ ಕಚ್ಚು. ಆ ಕಚ್ಚಿಗೆ ಹೊಂದುವ ತುಂಡು ಹಿಡಿದವರು ಫ್ಯಾಕ್ಟರ್‌ಗಳು. ತುಂಡು ಹೊಂದಿದರೆ ಮಾತ್ರ ‘ಜೀನ್’ ತನ್ನ ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು. ಮೊದಲ ಸುತ್ತು ಎಲ್ಲ ಸರಿಯಾಗಿ. ಎರಡನೆಯದರಲ್ಲಿ ‘ವಿಭಜಿಸು’ ತುಂಡನ್ನು ಅಂಟಿಸಿಬಿಟ್ಟೆ. ಮೂರನೆಯದರಲ್ಲಿ ‘ನಿಲ್ಲು’ ತುಂಡಿನ ಮೂಲೆ ಕತ್ತರಿಸಿದೆ. ಎರಡರಲ್ಲೂ ಕೊನೆಗೆ ಕೇಳಿಸಿದ್ದು “ವಿಭಜಿಸು, ವಿಭಜಿಸು” ಎಂಬ ಒಂದೇ ಕೂಗು. ಕಾರಣ ಬೇರೆ, ಪರಿಣಾಮ ಒಂದೇ ಎಂದು ಮಕ್ಕಳೇ ಹೇಳಿದರು.

ಮೌಲ್ಯಮಾಪನಕ್ಕೆ ಕೇಳಿದ ಪ್ರಶ್ನೆಗಳು:

1. ಕಣ್ಣಿನ ಕೋಶದಲ್ಲೂ ಇನ್ಸುಲಿನ್ ಜೀನ್ ಇದ್ದರೂ ಅಲ್ಲಿ ಇನ್ಸುಲಿನ್ ಯಾಕೆ ತಯಾರಾಗುವುದಿಲ್ಲ?
2. ಮಿಕ್ ಅತಿಯಾಗುವುದಕ್ಕೂ ಪಿ53 ಕೆಡುವುದಕ್ಕೂ ಇರುವ ವ್ಯತ್ಯಾಸವನ್ನು ಗೇಟಿನ ಉದಾಹರಣೆಯಿಂದ ವಿವರಿಸಿ.
3. ತಂಬಾಕು ತಿಂದು ಬಾಯಿಯ ಕ್ಯಾನ್ಸರ್ ಬಂದ ತಂದೆಯಿಂದ ಕೆಟ್ಟ ಪಿ53 ಮಗನಿಗೆ ಬರುತ್ತದೆಯೇ? ಕಾರಣ ಕೊಡಿ.
4. ಆರ್ಸೆನಿಕ್ ಇರುವ ನೀರನ್ನು ಕುದಿಸಿ ಕುಡಿಯಬಹುದೇ?

ಮೂರನೇ ಪ್ರಶ್ನೆಗೆ ಹೆಚ್ಚಿನವರು ಸರಿ ಬರೆದರು. ಕೆಲವರು “ಬರುವುದಿಲ್ಲ” ಎಂದಷ್ಟೇ ಬರೆದು ಕಾರಣ ಬಿಟ್ಟರು. ಅವರಿಗೆ ಮತ್ತೆ ಹೇಳಿಕೊಟ್ಟೆ. ಕಾರಣವಿಲ್ಲದ ‘ಇಲ್ಲ’ ಎಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಸಹ-ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಯಾವ ತರಗತಿಯಲ್ಲಾದರೂ ಮನೆಯಲ್ಲಿ ಕ್ಯಾನ್ಸರ್ ಇರುವ ಒಂದು ಮಗು ಇದೆ ಎಂದುಕೊಂಡೇ ಈ ಪಾಠ ಬರೆಯಿರಿ. ತಂಬಾಕಿನ ಬಗ್ಗೆ ಹೇಳುವಾಗ “ತಿಂದವರಿಗೆ ತಕ್ಕ ಶಾಸ್ತಿ” ಎಂಬ ಧಾಟಿ ಬಾರದಿರಲಿ. ಯಾರ ಮನೆಯಲ್ಲಿ ಕಾಯಿಲೆ ಇದೆ ಎಂದು ಎಲ್ಲರೆದುರು ಕೇಳಬೇಡಿ. ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಆಸ್ಪತ್ರೆಗೆ ತೋರಿಸಬೇಕು ಎಂಬುದನ್ನು ತಪ್ಪದೆ ಹೇಳಿ. ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ.

ಎರಡನೇ ಹಂತ ಮುಗಿದ ಮೇಲಿನ ಶನಿವಾರ ದೇವದುರ್ಗದ ಬಸ್ಸು ಹತ್ತಿದೆ. ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಅದೇ ತರಗತಿಯಲ್ಲಿ ಅರ್ಧ ಗಂಟೆ ತೆಗೆದುಕೊಂಡೆ. ಹುಡುಗಿಗೆ ಆರ್ಸೆನಿಕ್‌ನ ವಿಷಯ ಹೇಳಿ, ಅಕ್ಕನ ಊರಿನ ಬೋರಿನ ನೀರನ್ನು ಪರೀಕ್ಷೆಗೆ ಕೊಡಲು ಗ್ರಾಮ ಪಂಚಾಯಿತಿಯಲ್ಲಿ ಕೇಳಲು ಹೇಳಿದೆ. ಕಪ್ಪುಹಲಗೆಯ ಮೇಲೆ ನನ್ನ ಹಳೆಯ ವಾಕ್ಯವನ್ನೇ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: “ಹೆಚ್ಚಿನ ಸಲ ಅದು ದೇಹದ ಕೋಶದಲ್ಲಿ ಕೆಡುವ ಜೀನ್, ಅಪ್ಪ ಅಮ್ಮನಿಂದ ಬರುವ ಜೀನ್ ಅಲ್ಲ.” ಯಾಕೆ ಎಂಬುದನ್ನು ಬಾಯಿಯ ಕೋಶ ಮತ್ತು ವೀರ್ಯಾಣುವಿನ ಚಿತ್ರ ಬರೆದು ವಿವರಿಸಿದೆ. ಯಾರ ಕಡೆಗೂ ವಿಶೇಷವಾಗಿ ನೋಡಲಿಲ್ಲ.

ಹೊರಡುವಾಗ ಆ ಹುಡುಗ ಗೇಟಿನವರೆಗೆ ಬಂದ. “ನಮ್ಮ ತಂಗಿಗಿ ಹೇಳ್ತೀನ್ರಿ ಮೇಡಂ,” ಎಂದ. ಆಮೇಲೆ ಸ್ವಲ್ಪ ತಡೆದು, “ಆ ಚಿತ್ರ ಬರಕೊಂಡೀನ್ರಿ,” ಎಂದ.